ಮೇಷ್ಟ್ರ ಗೂಟಗಳು

ಲ್ಯಾಬಕ್ಕನಿಗೆ ಸಿಟ್ಟು ಬಂದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಅವಳ ಗಂಡನಿಗೆ. ಅವನದು ಕಟ್ಟುಹಲ್ಲು ತಯಾರಿಸುವ ಕಸುಬು. ದಂತವೈದ್ಯರು ಕಳಿಸುವ ಅಚ್ಚುಗಳನ್ನು ಹರಡಿಕೊಂಡು ಮನೆಯ ಮುಂಗೋಣೆಯಲ್ಲಿ ಉಜ್ಜುತ್ತ ಕೂತಿರುತ್ತಿದ್ದ. ಒಳಗೆ ಹೆಂಡತಿ ಹಲ್ಲು ಕಡಿಯುವ ಸದ್ದು ಕೇಳಿದರೆ, 'ಕಡಿ ಕಡಿ, ಮನೇಲೇ ಒಂದು ಗಿರಾಕಿ ಆಯ್ತು' ಎನ್ನುತ್ತಿದ್ದ. ಆ ವರ್ಷ ಬೇಸಿಗೆ ಹತ್ತಿರ ಬಂದಂತೆ ಅವನು ಈ ತಮಾಷೆಯನ್ನೇ ಬಿಟ್ಟ. ಅವಳು ಊಟದ ತಟ್ಟೆಯ ಮುಂದೆ ಕೂತೂ ಹಲ್ಲು ಕಡಿಯುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದುದು ಬೆಟ್ಟದ ಬುಡದ ಪಟ್ಟಣದ ಸಂಶೋಧನಾ ಕೇಂದ್ರದಲ್ಲಿ. ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಲ್ಯಾಬಕ್ಕ. ಹೊಗೆ, ಮಸಿ, ಡಾಂಬರುಗಳಲ್ಲಿರುವ ಒಂದು ಜಾತಿಯ ಅಣುಗಳನ್ನು ಅಳೆಯುವುದು ಅವಳ ಕೆಲಸ. ಇಂಗಾಲದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಆದ ಅಣುಗಳು ಅವು. ರಸಾಯನಶಾಸ್ತ್ರದಲ್ಲಿ ಅವಕ್ಕೆ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಎಂದು ಹೆಸರು. ಆ ಹೆಸರು ಕೇಳಿ ಇದೇನೋ ಅತ್ತರಿನ ವ್ಯವಹಾರ ಎಂದುಕೊಂಡ ಅವಳ ಅತ್ತೆ, ಮದುವೆಯಾದ ಹೊಸತರಲ್ಲಿ, ಬರುವಾಗ ಒಂದು ಸಣ್ಣ ಸೀಸೆ ತಾ ಎಂದು ಕೇಳಿದ್ದರಂತೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು ಎಂದು ತಿಳಿದ ಮೇಲೆ ಸೊಸೆಯ ಬಿಳಿ ಕೋಟನ್ನು ಹೊಸ್ತಿಲ ಹೊರಗೇ ಬಿಡಿಸತೊಡಗಿದರು. ವಿದ್ಯಾವಂತರು ವಸ್ತುಗಳಿಗೆ ಹೆಸರಿಡುವ ಚಂದವೇ ಅಂಥದ್ದು.

ಕೇಂದ್ರದ ದೊಡ್ಡ ತಲೆ ಎಂದರೆ ಬೆಟ್ಟದ ಮೇಷ್ಟ್ರು. ಬೆಟ್ಟದ ಗಿಡ, ಹುಲ್ಲು, ಹಾವಸೆಗಳ ಮೇಲೆ ಎರಡು ದಶಕ ಕೆಲಸ ಮಾಡಿದವರು. ಮರಗಳು ಮುಗಿದು ಬರೀ ಹುಲ್ಲು ಬೆಳೆಯುವ ಎತ್ತರದಲ್ಲಿ ವಿಶಾಲವಾದ ಒಂದು ಹುಲ್ಲುಗಾವಲಿದೆ. ಕೆಳಗೆ ಹೊಲಗಳಲ್ಲಿ ಪೈರು ನಿಂತ ಬೇಸಿಗೆಯ ತಿಂಗಳುಗಳಲ್ಲಿ ಕುರಿಯವರ ಒಂದಷ್ಟು ಕುಟುಂಬಗಳು ಮಂದೆ ಹೊಡೆದುಕೊಂಡು ಅಲ್ಲಿಗೆ ಹತ್ತುತ್ತವೆ. ಬೇರೆಲ್ಲೂ ಅವರಿಗೆ ಮೇವಿಲ್ಲ. ಅಲ್ಲಿನ ಹಾವಸೆ ವರ್ಷದಿಂದ ವರ್ಷಕ್ಕೆ ಕಂದುತ್ತಿದೆ, ಅದಕ್ಕೆ ಕಾರಣ ಕುರಿಯವರ ಒಲೆಗಳ ಹೊಗೆ, ಹಾವಸೆ ಸತ್ತರೆ ಬೆಟ್ಟ ನೀರು ಹಿಡಿದುಕೊಳ್ಳುವುದಿಲ್ಲ, ಆದ್ದರಿಂದ ಹುಲ್ಲುಗಾವಲನ್ನು ಕುರಿಗಳಿಗೆ ಮುಚ್ಚಬೇಕು ಎಂಬುದು ಮೇಷ್ಟ್ರ ವಾದ. ಮಂದೆ ಹತ್ತುವ ಮೊದಲೇ ಸಮಿತಿ ಕೂತು ತೀರ್ಮಾನ ಮಾಡುವುದಿತ್ತು. ಮೇಷ್ಟ್ರ ವರದಿಯ ಬೆನ್ನೆಲುಬು ಲ್ಯಾಬಕ್ಕ ಅಳೆದು ಕೊಟ್ಟ ಅಂಕಿಗಳು.

ಇಲ್ಲಿ ಅವರ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು. ಹಾವಸೆಯ ಸೀಸೆಗಳು ಲ್ಯಾಬಕ್ಕನ ಕೈಗೆ ಬರುವಾಗ ಮೇಲೆ ಬರೀ ನಂಬರ್ ಇರುತ್ತಿತ್ತು. ಯಾವ ಸೀಸೆ ಎಲ್ಲಿಯದು ಎಂದು ಅಳೆಯುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ. ತಕ್ಕಡಿ ಹಿಡಿದವರ ಕಣ್ಣಿಗೆ ಬಟ್ಟೆ ಕಟ್ಟುವ ಈ ನಿಯಮವನ್ನು ಅವಳು ಎಷ್ಟು ನಿಷ್ಠೆಯಿಂದ ಪಾಲಿಸಿದ್ದಳೆಂದರೆ, ಕಿಟಕಿ ತೆರೆದರೆ ಕಾಣುವ ಆ ಬೆಟ್ಟವನ್ನು ಒಮ್ಮೆಯೂ ಹತ್ತಿರಲಿಲ್ಲ. ಮೇಷ್ಟ್ರೂ ಅಷ್ಟೇ, ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಅವರವರ ಅಂಗಳ ಅವರವರು ಗುಡಿಸಿದರೆ ಊರೆಲ್ಲ ಚೊಕ್ಕಟ ಎಂದು ಇಬ್ಬರೂ ನಂಬಿದ್ದರು.

ವರದಿ ತಯಾರಾಗುವಾಗ ಮೊದಲ ಸಲ ನಂಬರುಗಳ ಗುಟ್ಟು ಬಿಚ್ಚಿದರು. ಹುಲ್ಲುಗಾವಲಿನ ಸೀಸೆಗಳಲ್ಲಿ ಆ ಅಣುಗಳು ತುಂಬಿ ತುಳುಕುತ್ತಿದ್ದವು. ಕುರಿ ಕಾಲಿಡದ ಬಂಡೆಗಳ ಇಳಿಜಾರಿನ ಸೀಸೆಗಳಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಮೇಷ್ಟ್ರಿಗೆ ಅಂದು ಸಂತೋಷವೋ ಸಂತೋಷ. ಲ್ಯಾಬಕ್ಕನಿಗೆ ಮಾತ್ರ ಲೆಕ್ಕ ಕೂಡಲಿಲ್ಲ. ಆ ಬೆಟ್ಟದಲ್ಲಿ ಉರಿಸುವುದು ರಾಳ ಜಿನುಗುವ ಮರದ ಕಟ್ಟಿಗೆ. ಅಂಥ ಕಟ್ಟಿಗೆ ಉರಿದರೆ ಹೊಗೆಯಲ್ಲಿ ಒಂದು ಅಣು ಬಂದೇ ಬರಬೇಕು. ಅವಳ ಅಂಕಿಗಳಲ್ಲಿ ಅದು ಇಲ್ಲವೇ ಇಲ್ಲ. ಕಳ್ಳ ಸಿಕ್ಕಿದ್ದಾನೆ ಎನ್ನುತ್ತಿದ್ದಾರೆ, ಹೆಜ್ಜೆಗುರುತು ಮಾತ್ರ ಅವನದಲ್ಲ.

ಹೇಳಿದಾಗ ಮೇಷ್ಟ್ರು ನಕ್ಕರು. 'ನಿನ್ನ ಯಂತ್ರಕ್ಕೆ ನೆಗಡಿ ಬಂದಿರಬೇಕಮ್ಮ' ಎಂದರು. ಅವಳು ಯಂತ್ರವನ್ನು ಬಿಚ್ಚಿ, ತೊಳೆದು, ಹೊಸ ನಳಿಗೆ ಹಾಕಿ ಮತ್ತೆ ಅಳೆದಳು. ಫಲ ಅದೇ ಬಂತು. ಆಗ ಅವಳು ಲೋಕದ ಸಂಶೋಧಕರೆಲ್ಲ ಒಬ್ಬರನ್ನೊಬ್ಬರು ಸಲಹೆ ಕೇಳುವ ಒಂದು ಜಾಲತಾಣದಲ್ಲಿ ತನ್ನ ಪ್ರಶ್ನೆ ಹಾಕಿದಳು. ಬೆಟ್ಟದ ಹಾವಸೆ, ಇಷ್ಟೆಲ್ಲ ಹೈಡ್ರೊಕಾರ್ಬನ್, ಕಟ್ಟಿಗೆಯ ಗುರುತಿಲ್ಲ, ಇದು ಎಲ್ಲಿಂದ ಬಂದಿರಬಹುದು, ಬಲ್ಲವರು ತಿಳಿಸಿ, ಇದರ ಮೇಲೆ ಕೆಲವು ಕುಟುಂಬಗಳ ಬದುಕು ನಿಂತಿದೆ ಎಂದು ವಿನಯದಿಂದಲೇ ಬರೆದಿದ್ದಳು.

ಬಲ್ಲವರು ತಿಳಿಸಿದರು. ಮೊದಲನೆಯ ಮಹಾಶಯ ಇದು ಪರಿಸರಶಾಸ್ತ್ರದ ಪ್ರಶ್ನೆ, ಬೆಟ್ಟದವರನ್ನು ಕೇಳಿ ಎಂದ. ಬೆಟ್ಟದವರ ಗುಂಪಿನಲ್ಲಿ ಕೇಳಿದರೆ ಇದು ಶುದ್ಧ ರಸಾಯನಶಾಸ್ತ್ರ ಎಂದು ಸಾಗಹಾಕಿದರು. ಒಬ್ಬರು ತಮ್ಮ ಹಳೆಯ ಪ್ರಬಂಧವೊಂದನ್ನು ಕಳಿಸಿ ಅದನ್ನು ಉಲ್ಲೇಖಿಸಲು ಮರೆಯಬೇಡಿ ಎಂದರು; ಅದು ನದಿಯ ಮೀನುಗಳನ್ನು ಕುರಿತದ್ದು. ಮತ್ತೊಬ್ಬರಿಗೆ ಅವಳ ಯಂತ್ರದ ಕಂಪನಿಯೇ ಸರಿಯಿಲ್ಲ ಎನಿಸಿತು. ಒಬ್ಬಾಕೆ, 'ಒಳ್ಳೆಯ ಪ್ರಶ್ನೆ, ನನಗೂ ಇದೇ ತೊಂದರೆಯಿದೆ, ಉತ್ತರ ಸಿಕ್ಕಿದರೆ ತಿಳಿಸಿ' ಎಂದು ಬರೆದಿದ್ದಳು. ಆ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಮಂದಿ ಮೆಚ್ಚುಗೆ ಒತ್ತಿದ್ದರು. ಆ ಕುಟುಂಬಗಳ ಬಗ್ಗೆ ಯಾರೊಬ್ಬರೂ ಒಂದಕ್ಷರ ಆಡಿರಲಿಲ್ಲ. ಇಂಥವರನ್ನು ನಂಬಿ ಪ್ರಶ್ನೆ ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಬಂದ ಉತ್ತರ ಎರಡೇ ಸಾಲಿನದು. ಬರೆದವರು ಗಂಡೋ ಹೆಣ್ಣೋ, ಯಾವ ದೇಶದವರೋ, ಒಂದೂ ತಿಳಿಯುವಂತಿರಲಿಲ್ಲ. 'ಸ್ಯಾಂಪಲ್ ತೆಗೆದ ಜಾಗವನ್ನು ನೀವು ನೋಡಿದ್ದೀರಾ? ನೋಡದೆ ನಮ್ಮನ್ನು ಯಾಕೆ ಕೇಳುತ್ತೀರಿ?' ಎಂದಿತ್ತು.

ಲ್ಯಾಬಕ್ಕ ಕೆಂಡವಾದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದು ನ್ಯಾಯದ ಪದ್ಧತಿ, ಇವರಿಗೇನು ಗೊತ್ತು ಎಂದು ಗಂಡನೆದುರು ಕೂಗಾಡಿದಳು. ಅತ್ತೆ ಬಟ್ಟೆ ಮಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಅಷ್ಟು ಹತ್ತಿರದ ಬೆಟ್ಟಕ್ಕೆ ಅಷ್ಟು ದೂರದವರನ್ನು ಕೇಳೋದು ಯಾಕೆ, ನಿನ್ನ ಕಾಲಿಗೇನಾಗಿದೆ ಎಂದು ಅವರೂ ಅದನ್ನೇ ಅಂದರು. ಅತ್ತೆಯ ಮಾತು ಸರಿಯಿದ್ದಾಗ ಸೊಸೆಗೆ ಆಗುವ ಸಂಕಟವೇ ಬೇರೆ. ರಜೆಯ ದಿನ ಅವಳು ಗಂಡನ ದಪ್ಪ ಕಾಲುಚೀಲ ಹಾಕಿಕೊಂಡು ಹೊರಟಳು.

ರಸ್ತೆ ಮುಗಿದಲ್ಲಿಂದ ಕಾಲುದಾರಿ ಹಿಡಿದು ಏದುಸಿರು ಬಿಡುತ್ತ ಮೇಲೆ ತಲುಪುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಮಂದೆ ಇನ್ನೂ ಬಂದಿರಲಿಲ್ಲ. ದೊಡ್ಡಿಯ ಕಲ್ಲುಗೋಡೆ ಸರಿಮಾಡಲು ಮುಂಚೆಯೇ ಹತ್ತಿದ್ದ ಒಂದಿಬ್ಬರಿದ್ದರು. ಅವರಲ್ಲಿ ಕುರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಗಟ್ಟಿ ಹೆಂಗಸು ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು. ಯಾರೆಂದು ಗೊತ್ತಾದ ಮೇಲೆ, 'ನಮ್ಮ ಒಲೆ ಹೊಗೆ ಅಳೆಯೋರು ನೀವೇನಾ? ಸದ್ಯ, ಅನ್ನ ಬೇಯ್ಸೋದನ್ನ ಬಿಡಿ ಅನ್ನಲಿಲ್ಲ ಇನ್ನೂ' ಎಂದಳು. ಬೈದರೂ ಕೂರಲು ನೆರಳು ತೋರಿಸಿ ಬಿಸಿ ಹಾಲು ಕೊಟ್ಟಳು. ಈ ಸಲ ಹುಲ್ಲುಗಾವಲು ಮುಚ್ಚಿದರೆ ಏನು ಮಾಡುತ್ತೀರಿ ಎಂದು ಲ್ಯಾಬಕ್ಕ ಕೇಳಿದಾಗ, ಒಂದು ಬೇಸಿಗೆ ಮೇವಿಲ್ಲದ ಕುರಿ ಮುಂದಿನ ಬೇಸಿಗೆ ನೋಡುವುದಿಲ್ಲ, ಮಾರಿ ಕೂಲಿಗೆ ಹೋಗುವುದೇ ಎಂದು ಯಾವ ಅಳುಮುಖವೂ ಇಲ್ಲದೆ ಹೇಳಿದಳು. ಅಳದೆ ಹೇಳಿದ ಆ ಮಾತು ಲ್ಯಾಬಕ್ಕನ ಎದೆಯಲ್ಲಿ ಕೂತುಬಿಟ್ಟಿತು.

ಮೇಷ್ಟ್ರ ಜಾಗಗಳನ್ನು ಹುಡುಕುವುದು ಕಷ್ಟವಿರಲಿಲ್ಲ. ವರ್ಷ ವರ್ಷವೂ ಅದೇ ಜಾಗದಿಂದ ಹಾವಸೆ ತೆಗೆಯಬೇಕಲ್ಲ, ಅದಕ್ಕಾಗಿ ಹುಲ್ಲುಗಾವಲಿನ ಉದ್ದಕ್ಕೂ ಸೊಂಟದೆತ್ತರದ ಮರದ ಗೂಟಗಳನ್ನು ನೆಟ್ಟಿದ್ದರು. ಗೂಟದಿಂದ ಕೈಗೆಟಕುವಷ್ಟು ದೂರದಲ್ಲೇ ಹಾವಸೆ ಕತ್ತರಿಸಿದ ಗುರುತುಗಳಿದ್ದವು. ಲ್ಯಾಬಕ್ಕ ಬಗ್ಗಿ ನೋಡಲು ಹೋಗಿ, ಸುಸ್ತಾಗಿ, ಗೂಟದ ಮೇಲೆ ಕೈಯೂರಿದಳು. ಕೈ ಅಂಟಿತು. ತೆಗೆದು ನೋಡಿದರೆ ಅಂಗೈ ಕಪ್ಪಗಾಗಿತ್ತು. ಮೂಗಿನ ಹತ್ತಿರ ತಂದಳು. ಹಳೆಯ ರೈಲು ಹಳಿಗಳ ಅಡಿಯ ಮರದ ದಿಮ್ಮಿಗಳು ಬಿಸಿಲಿಗೆ ಕಾದಾಗ ಬರುವ ವಾಸನೆ. ಮರ ಕೊಳೆಯದಿರಲಿ ಎಂದು ಗೂಟಗಳನ್ನು ಡಾಂಬರೆಣ್ಣೆಯಲ್ಲಿ ಮುಳುಗಿಸಿ ನೆಟ್ಟಿದ್ದರು. ಆಮೇಲೂ ಬಳಿಯುತ್ತ ಬಂದಿರಬೇಕು, ಪದರದ ಮೇಲೆ ಪದರವಿತ್ತು. ಬಿಸಿಲಿಗೆ ಕರಗಿ ಜಿನುಗಿದ್ದೆಲ್ಲ ಬುಡದ ಹಾವಸೆಗೆ ಇಳಿದಿತ್ತು.

ಅವಳು ಅಲ್ಲಿಂದ ಬಂಡೆಗಳ ಇಳಿಜಾರಿಗೆ ಓಡಿದಳೆಂದೇ ಹೇಳಬೇಕು. ಬಂಡೆಯಲ್ಲಿ ಗೂಟ ಇಳಿಯುವುದಿಲ್ಲ. ಅಲ್ಲಿ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದರು, ಅಷ್ಟೇ. ಕುರಿ ಮೇಯುವಲ್ಲಿ ವಿಷ, ಕುರಿ ಬಾರದಲ್ಲಿ ಇಲ್ಲ ಎಂದು ಮೇಷ್ಟ್ರು ಲೋಕಕ್ಕೆ ಸಾರಹೊರಟಿದ್ದು ಇದನ್ನು. ವಿಷವಿದ್ದದ್ದು ಅವರ ಗೂಟ ಇದ್ದಲ್ಲಿ. ಜಾಗ ತಪ್ಪಬಾರದು ಎಂಬ ಅತಿಶಿಸ್ತು ಒಬ್ಬರದು, ಜಾಗ ನೋಡಬಾರದು ಎಂಬ ಅತಿಶಿಸ್ತು ಇನ್ನೊಬ್ಬಳದು. ಇಬ್ಬರ ಶಿಸ್ತೂ ಸೇರಿ ಒಲೆಯ ಮುಂದೆ ಕೂತವರ ಕೊರಳಿಗೆ ಬಂದಿತ್ತು.

ಅವಳು ತಂದ ಸೀಸೆಗಳನ್ನೆಲ್ಲ ತುಂಬಿಕೊಂಡಳು. ಗೂಟದ ಬುಡದ್ದು, ಅಲ್ಲಿಂದ ಕೆಲವು ಹೆಜ್ಜೆ ಆಚೆಯದು, ಕುರಿಯವರ ಒಲೆಯ ಪಕ್ಕದ್ದು, ಗೂಟದಿಂದ ಕೆರೆದ ಕಪ್ಪು ಅಂಟು. ಕೆಳಗಿಳಿದು ಅಳೆದಳು. ಗೂಟದ ಅಂಟೂ ಬುಡದ ಹಾವಸೆಯೂ ಅಣು ಅಣುವೂ ಒಂದೇ. ಕೆಲವು ಹೆಜ್ಜೆ ಆಚೆ ಹೆಚ್ಚುಕಮ್ಮಿ ಏನೂ ಇಲ್ಲ. ಒಲೆಯ ಪಕ್ಕದಲ್ಲಿ ಒಂದಿಷ್ಟು ಇತ್ತು, ಕಟ್ಟಿಗೆಯ ಗುರುತಿನ ಸಮೇತ. ಅದು ಅವಳ ಮನೆ ಮುಂದಿನ ಬೀದಿಯ ಧೂಳಿನಲ್ಲಿ ಇರುವುದಕ್ಕಿಂತ ಕಡಿಮೆ.

ಮೇಷ್ಟ್ರ ಕೋಣೆಗೆ ಹೋಗಿ ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಅವರು ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಮುಖ ನೋಡಿದರೆ, ಪಾಪ, ಬೇಕೆಂದು ಮಾಡಿದವರಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅಲ್ಲಿಗೇ ನಿಂತಿದ್ದರೆ ಅವಳ ಸಿಟ್ಟು ಕರಗಿಹೋಗುತ್ತಿತ್ತೋ ಏನೋ. ಆದರೆ ಅವರು ಚೇತರಿಸಿಕೊಂಡು, ಬಾಗಿಲು ಮುಂದಕ್ಕೆ ಹಾಕಿ, ಈ ವರದಿ ಹೀಗೇ ಹೋಗಲಿ, ಗೂಟದ ವಿಚಾರ ಮುಂದಿನ ಪ್ರಬಂಧದಲ್ಲಿ ಅಡಿಟಿಪ್ಪಣಿಯಾಗಿ ಹಾಕೋಣ ಎಂದರು. ಎರಡು ದಶಕದ ಸರಣಿ ಒಂದು ದಿನದಲ್ಲಿ ಮಣ್ಣುಪಾಲಾಗಬಾರದು ಎಂದರು.

'ಆ ಕುಟುಂಬಗಳು?' ಎಂದಳು.

'ಅವ್ರು ಹೇಗೋ ಬದುಕ್ಕೋತಾರಮ್ಮ. ಕುರಿ ಕಾಯೋರಿಗೆ ಇದೊಂದೇ ಬೆಟ್ಟಾನಾ?'

'ನಿಮಗೆ ಗೂಟ ಹೊಡೆಯೋಕೂ ಇದೊಂದೇ ಬೆಟ್ಟ ಅಲ್ಲವಲ್ಲ ಮೇಷ್ಟ್ರೇ' ಎಂದು ಅವಳು ಎದ್ದುಬಂದಳು. ಹಿರಿಯರಿಗೆ ಎದುರು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಆದರೂ ಹಿತವಾಗಿತ್ತು.

ಸಮಿತಿಯ ಸಭೆಯಲ್ಲಿ ಅವಳು ತನ್ನ ಅಂಕಿಗಳನ್ನು ತಾನೇ ಓದಿದಳು. ಒಲೆಯಲ್ಲ, ಗೂಟ, ಗೂಟ ಕಿತ್ತು ಬುಡದ ಒಂದು ಬುಟ್ಟಿ ಮಣ್ಣು ತೆಗೆದರೆ ಮುಗಿಯಿತು ಎಂದು ಬಿಡಿಸಿ ಹೇಳಿದಳು. ಸುತ್ತ ಕೂತವರು ಗಂಭೀರವಾಗಿ ತಲೆದೂಗಿದರು. ಸತ್ಯ ಹೇಳಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದು ಅವಳು ನಂಬಿಕೊಂಡು ಬಂದಿದ್ದಳು. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿ, ಮೂಲ ಯಾವುದಾದರೇನು, ಹುಲ್ಲುಗಾವಲಿನಲ್ಲಿ ವಿಷವಿರುವುದು ಸಾಬೀತಾಯಿತಲ್ಲ ಎಂದರು. ವಿಷವಿರುವಲ್ಲಿ ಕುರಿ ಬಿಟ್ಟರೆ ಕುರಿಗಳ ಗತಿಯೇನು, ಕುರಿಯವರ ಹಿತಕ್ಕಾಗಿಯೇ ಮುಚ್ಚಬೇಕು ಎಂದರು. ಎಲ್ಲರಿಗೂ ಇದು ಹಿಡಿಸಿತು. ಹೊಗೆ ಹಾಕಿದ ಅಪರಾಧಿಗಳೆಂದು ಓಡಿಸಬೇಕಾಗಿದ್ದವರನ್ನು ಈಗ ಕಾಪಾಡುವ ಹೆಸರಲ್ಲಿ ಓಡಿಸಬಹುದಿತ್ತು. ಮಾಲಿನ್ಯದ ಮೂಲವನ್ನು ತೆಗೆಯುವವರೆಗೆ ಹುಲ್ಲುಗಾವಲಿಗೆ ಕುರಿ ಬಿಡತಕ್ಕದ್ದಲ್ಲ ಎಂದು ಆದೇಶ ಬರೆಸುವಾಗ ಮೇಷ್ಟ್ರು ನಡುವೆ ಬಾಯಿ ಹಾಕಿ, 'ಸಂಪೂರ್ಣವಾಗಿ ತೆಗೆಯುವವರೆಗೆ' ಎಂದು ಸೇರಿಸಿದರು. ತಮ್ಮ ಗೂಟಗಳನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಅಲ್ಲಿಗೆ ಬಾಗಿಲಿಗೆ ಎರಡು ಬೀಗ ಬಿದ್ದಂತಾಯಿತು.

ಮನೆಗೆ ಬಂದು ಅವಳು ಅತ್ತಳು. ಸೋತದ್ದಕ್ಕಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಅಷ್ಟು ಓದಿದವರು ಅಷ್ಟು ಸುಲಭವಾಗಿ ತಿರುಚಿದರಲ್ಲ ಎಂದು. ಈ ಕೈಯಿಂದ ಅಳೆದ ನಿಜ ಇನ್ನೊಬ್ಬರ ಅನ್ನಕ್ಕೆ ಕಲ್ಲಾಯಿತಲ್ಲ ಎಂದು. ಗಂಡ ಉಜ್ಜುವ ಕೆಲಸ ನಿಲ್ಲಿಸಿ ಪಕ್ಕದಲ್ಲಿ ಬಂದು ಕೂತ. ಆದೇಶದ ಪ್ರತಿಯನ್ನು ಎರಡು ಸಲ ಓದಿದ. ಗೂಟ ಯಾರು ತೆಗೀಬೇಕು ಅಂತ ಇದರಲ್ಲಿ ಬರೆದಿಲ್ಲವಲ್ಲ ಎಂದು ಸುಮ್ಮನೆ ಕೇಳಿದಂತೆ ಕೇಳಿದ. ಲ್ಯಾಬಕ್ಕ ಕಣ್ಣೊರೆಸಿಕೊಂಡು ಅವನ ಕೈಯಿಂದ ಆ ಹಾಳೆಯನ್ನು ಕಿತ್ತುಕೊಂಡಳು.

ಮರುದಿನ ಅವಳು ಬೆಟ್ಟ ಹತ್ತಿ ದೊಡ್ಡಮ್ಮನಿಗೆ ತಾನೇ ಸುದ್ದಿ ಹೇಳಿದಳು. ಬೇರೆ ಯಾರೂ ಅವರಿಗೆ ಹೇಳುವ ಗೋಜಿಗೆ ಹೋಗಿರಲಿಲ್ಲ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು.

'ಗೂಟ ನಿಮ್ಮದು, ವಿಷ ನಿಮ್ಮದು, ಜಾಗ ಖಾಲಿ ಮಾಡೋರು ನಾವು. ಹೌದಾ ತಂಗಿ?'

'ಹೌದಕ್ಕ' ಎಂದಳು ಲ್ಯಾಬಕ್ಕ. 'ಅದಕ್ಕೇ ಹಾರೆ ಕೇಳೋಕೆ ಬಂದೆ.'

ಮೊದಲನೆಯ ಗೂಟ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಲ್ಯಾಬಕ್ಕ ಜೀವಮಾನವೆಲ್ಲ ಚಮಚದ ತುದಿಯಷ್ಟು ಪುಡಿ ತೂಗಿದವಳು, ಹಾರೆ ಹಿಡಿದವಳಲ್ಲ. ದೊಡ್ಡಮ್ಮನ ಮನೆಯವರು ನಗುತ್ತ ಬಂದು ಕೈಹಾಕಿದರು. ಆಮೇಲೆ ಒಂದೊಂದಾಗಿ ಬರತೊಡಗಿದವು. ಬುಡದ ಕಪ್ಪು ಮಣ್ಣನ್ನು ತಗಡಿನ ಡಬ್ಬಗಳಿಗೆ ತುಂಬಿ, ಗೂಟಗಳನ್ನು ಹೊರೆ ಕಟ್ಟಿ ದಾರಿಯ ಬಳಿ ಸಾಗಿಸಿದರು. ಅದೆಲ್ಲವನ್ನೂ ಕೇಂದ್ರದ ಅಂಗಳದಲ್ಲೇ ಇಳಿಸುವುದೆಂದು ಅವಳು ಆಗಲೇ ನಿಶ್ಚಯಿಸಿದ್ದಳು. ಒಂದೊಂದು ಗುಂಡಿಯಿಂದಲೂ ಸೀಸೆಗೆ ಮಣ್ಣು ಹಾಕಿಕೊಂಡಳು, ಈ ಸಲ ಮೇಲೆ ಜಾಗದ ಹೆಸರು ಬರೆದು. ಅಂಗೈ ಬೊಬ್ಬೆ ಬಂದು ಒಡೆದಿತ್ತು. ಇಷ್ಟು ವರ್ಷ ಮಾಡಿದ ಕೆಲಸಗಳಲ್ಲಿ ಇದೊಂದೇ ಕಣ್ಣಿಗೆ ಕಾಣುವಂಥದ್ದು ಎನಿಸಿ ಅವಳಿಗೆ ಸಿಟ್ಟಿನ ನಡುವೆಯೂ ಖುಷಿಯಾಯಿತು.

ಸುದ್ದಿ ಹೇಗೆ ಮುಟ್ಟಿತೋ, ಮೇಷ್ಟ್ರು ಏದುಸಿರು ಬಿಡುತ್ತ ಹತ್ತಿ ಬರುವಾಗ ಹುಲ್ಲುಗಾವಲಿನ ಆಚೆ ತುದಿಯಲ್ಲಿ ಒಂದೇ ಗೂಟ ಉಳಿದಿತ್ತು. ಅವರು ಹೋಗಿ ಅದರ ಪಕ್ಕದಲ್ಲಿ ನಿಂತರು. ಬೈಯುತ್ತಾರೆ, ಕೆಲಸದಿಂದ ತೆಗೆಸುತ್ತೇನೆ ಎನ್ನುತ್ತಾರೆ ಎಂದು ಲ್ಯಾಬಕ್ಕ ಹಾರೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವರು ಬೈಯಲಿಲ್ಲ. ಸುತ್ತಲೂ ತೆಗೆದಿದ್ದ ಗುಂಡಿಗಳನ್ನು ನೋಡಿದರು. ತಲೆಗೂದಲು ಕಪ್ಪಗಿದ್ದಾಗ ನೆಟ್ಟ ಗೂಟಗಳು ಅವು. ಮಾತಾಡುವಾಗ ಅವರ ದನಿ ಸಣ್ಣಗಾಗಿತ್ತು.

'ಇದೊಂದನ್ನಾದರೂ ಬಿಡಮ್ಮ' ಎಂದರು.

ಒಂದು ಗೂಟದಿಂದ ಬೆಟ್ಟಕ್ಕೇನೂ ಆಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಬಾಗಿಲು ಮುಂದಕ್ಕೆ ಹಾಕಿ ಅಡಿಟಿಪ್ಪಣಿ ಎಂದವರೂ ಇವರೇ. ಕನಿಕರವೂ ಸಿಟ್ಟೂ ಒಟ್ಟಿಗೇ ಉಕ್ಕಿ, ಕನಿಕರ ಹಿಂದೆ ಬಿತ್ತು.

'ಒಂದು ಬಿಟ್ಟರೂ ಹುಲ್ಲುಗಾವಲು ಮುಚ್ಚೇ ಇರುತ್ತೆ ಮೇಷ್ಟ್ರೇ. ಸಂಪೂರ್ಣವಾಗಿ ಅಂತ ಬರೆಸಿದ್ದು ನೀವೇ.'

ಅವರು ಪಕ್ಕಕ್ಕೆ ಸರಿದರು. ಅವಳು ಹಾರೆಯನ್ನು ಬುಡಕ್ಕೆ ಹಾಕಿ ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಕೆಳಗೆ ದಾರಿಯ ತಿರುವಿನಲ್ಲಿ ಮಂದೆ ಆಗಲೇ ಹತ್ತಿ ಬರುತ್ತಿತ್ತು.